ನೂರೊಂದನೆಯವನು

ಯುರೋಪಿನಲ್ಲಿ ಹುಟ್ಟಿ, ದೇವರ ಬಗ್ಗೆ ತಲೆ ಕೆಡಿಸಿಕೊಂಡು, ದಪ್ಪ ದಪ್ಪ ಪುಸ್ತಕ ಬರೆದು, ಸತ್ತು, ಆಮೇಲೆ ಯಾರಿಗೂ ಬೇಡವಾದ ನೂರು ಜನರ ಬದುಕು ನನಗೆ ಬಾಯಿಪಾಠ ಬರುತ್ತದೆ. ಭದ್ರಾವತಿಯ ಜನ್ನಾಪುರದಲ್ಲಿ ಇಂಥ ಇನ್ನೊಬ್ಬ ಹೆಂಗಸು ಇರಲಾರಳು. ಇದ್ದರೆ ದಯವಿಟ್ಟು ಬಂದು ನನ್ನನ್ನು ಕಾಣಲಿ, ಇಬ್ಬರೂ ಕೂತು ಒಂದು ಸುತ್ತು ಅಳೋಣ. ಅವರ ಹೆಸರುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆದರೂ ನಿಮಗೆ ಗೊತ್ತಿರುವುದಿಲ್ಲ. ಗೊತ್ತಿದ್ದಿದ್ದರೆ ಅವರು ನಮ್ಮ ಪಟ್ಟಿಗೇ ಬರುತ್ತಿರಲಿಲ್ಲ. ಹೆಸರು ಮಾಡಿದವರನ್ನು ಸೇರಿಸಬಾರದು ಎಂಬುದು ಮೇಷ್ಟ್ರ ಮೊದಲ ನಿಯಮವಾಗಿತ್ತು.

ಮೇಷ್ಟ್ರು ಶಿವಮೊಗ್ಗದ ಕಾಲೇಜೊಂದರಲ್ಲಿ ನನಗೆ ತತ್ವಶಾಸ್ತ್ರ ಕಲಿಸಿದವರು. ನಮ್ಮದು ಆ ವಿಭಾಗದ ಕೊನೆಯ ತಂಡ. ಇದ್ದದ್ದು ಮೂರು ಜನ. ಒಬ್ಬ ಆಯನೂರಿನವನು, ಬೇರೆ ಯಾವ ವಿಷಯದಲ್ಲೂ ಸೀಟು ಸಿಗದೆ ಬಂದವನು. ಇನ್ನೊಬ್ಬಳು ಮದುವೆ ಗೊತ್ತಾಗುವ ತನಕ ಎಂದು ಬಂದವಳು. ಮೂರನೆಯವಳು ನಾನು, ನಿಜವಾಗಿಯೂ ಇದೇ ಬೇಕು ಎಂದು ಬಂದ ಪೆದ್ದಿ. ನಾವು ಹೊರಬಿದ್ದ ವರ್ಷ ಮೇಷ್ಟ್ರು ನಿವೃತ್ತರಾದರು, ಅವರ ಹಿಂದೆಯೇ ವಿಭಾಗಕ್ಕೂ ಬೀಗ ಬಿತ್ತು. ನಾನು ಅತಿಥಿ ಉಪನ್ಯಾಸಕಿಯಾಗಿ ಸಂವಿಧಾನ, ಪರಿಸರ, ವ್ಯಕ್ತಿತ್ವ ವಿಕಸನ ಎಂದು ಕೊಟ್ಟಿದ್ದನ್ನೆಲ್ಲ ಪಾಠ ಮಾಡಿದೆ. ಅತಿಥಿಯಾಗಿಯೇ ತಲೆ ನರೆಯಿತು. ಕಳೆದೆರಡು ವರ್ಷದಿಂದ ಅದಕ್ಕೂ ಕರೆದಿಲ್ಲ.

ಕಾಲೇಜಿನ ಲೈಬ್ರರಿಗೆ ಕಂಪ್ಯೂಟರ್ ಬಂದಾಗ ಹಳೆಯ ಕಾರ್ಡುಗಳನ್ನು ಗುಜರಿಗೆ ಹಾಕಲು ಹೊರಟಿದ್ದರು. ಒಂದೊಂದು ಪುಸ್ತಕಕ್ಕೆ ಒಂದೊಂದು ಕಾರ್ಡು, ಮುಂದೆ ಟೈಪು ಮಾಡಿದ ವಿವರ, ಹಿಂದೆ ಖಾಲಿ. ಮೇಷ್ಟ್ರು ಆಟೋ ಮಾಡಿಕೊಂಡು ಹೋಗಿ ಒಂದು ಚೀಲ ತುಂಬಾ ತಂದರು. ಆ ಖಾಲಿ ಬೆನ್ನ ಮೇಲೆ ಬರೆಯಲು ಕೂತರು. ಒಬ್ಬ ಮನುಷ್ಯನಿಗೆ ಒಂದೇ ಕಾರ್ಡು. ಪ್ರತಿ ಕಾರ್ಡಿನಲ್ಲೂ ಮೂರು ಪ್ರಶ್ನೆಗೆ ಉತ್ತರ ಇರಲೇಬೇಕು: ಏನನ್ನು ನಂಬಿದ್ದ, ಯಾರ ಜೊತೆ ಜಗಳವಾಡಿದ, ಅವನಿಗೆ ಅಡುಗೆ ಮಾಡಿ ಹಾಕುತ್ತಿದ್ದವರು ಯಾರು. ಕೆಳಗೆ, ಇದನ್ನೆಲ್ಲ ಎಲ್ಲಿ ಓದಿದ್ದು ಎನ್ನುವುದಕ್ಕೆ ಗ್ರಂಥ ಮತ್ತು ಪುಟಸಂಖ್ಯೆ.

"ಪುಟಸಂಖ್ಯೆ ಇಲ್ದಿರೋ ಮಾತು ಜಗಲಿ ಮಾತು," ಎನ್ನುತ್ತಿದ್ದರು. ಹಿಂದೊಮ್ಮೆ ಪುಟಸಂಖ್ಯೆ ಹಾಕದ ಪ್ರಬಂಧವನ್ನು ಕಿಟಕಿಯಿಂದ ಹೊರಗೆ ಎಸೆದಿದ್ದರು. ಅದು ನನ್ನದೇ.

ಮೂರನೆಯ ಪ್ರಶ್ನೆ ಯಾಕೆ ಎಂದು ಕೇಳಿದ್ದಕ್ಕೆ, "ಊಟ ಯಾರು ಬಡಿಸಿದ್ರು ಅಂತ ಗೊತ್ತಾದ್ರೆ ಅವನ ದೇವರು ಎಂಥವನು ಅಂತ ಗೊತ್ತಾಗುತ್ತೆ," ಎಂದರು. ಮೇಷ್ಟ್ರಿಗೆ ಮದುವೆಯಾಗಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಹೊಳೆಹೊನ್ನೂರಿನಿಂದ ಬಂದ ತಂಗಿ ಮೂವತ್ತು ವರ್ಷದಿಂದ ಅವರಿಗೆ ಅಡುಗೆ ಮಾಡಿ ಹಾಕುತ್ತಿದ್ದರು. ಈ ಮಾತು ಬಂದಾಗಲೆಲ್ಲ ಒಳಗೆ ಪಾತ್ರೆಯ ಸದ್ದು ಸ್ವಲ್ಪ ಜೋರಾಗುತ್ತಿತ್ತು.

ಎಂಥೆಂಥವರು ಇದ್ದರು ಆ ಕಾರ್ಡುಗಳಲ್ಲಿ. ಹಂಗೆರಿಯ ಕಡೆಯ ಒಬ್ಬ ಪಾದ್ರಿ, ಮನುಷ್ಯ ಸ್ವತಂತ್ರ ಎಂದು ಒಂದು ಪುಸ್ತಕ ಬರೆದ, ಇಪ್ಪತ್ತು ವರ್ಷ ಬಿಟ್ಟು ಅಲ್ಲ ಎಂದು ಇನ್ನೊಂದು ಬರೆದ, ಸಾಯುವಾಗ ಎರಡನ್ನೂ ಸುಡಿ ಎಂದ. ಸುಡೋಣವೆಂದರೆ ಊರಿನಲ್ಲಿ ಒಂದು ಪ್ರತಿಯೂ ಸಿಗಲಿಲ್ಲ. ಅಡುಗೆ ಮಾಡುತ್ತಿದ್ದ ಅಕ್ಕ ಎರಡೂ ಒಂದೇ ಪುಸ್ತಕ ಎಂದುಕೊಂಡಿದ್ದಳು. ಸ್ಕಾಟ್ಲೆಂಡಿನ ಒಬ್ಬ ಕಿವುಡ ಉಪದೇಶಕ, ಜನ ಪ್ರಾರ್ಥನೆಯನ್ನು ಗಟ್ಟಿಯಾಗಿ ಹಾಡುವುದಿಲ್ಲವೆಂದು ಮೂವತ್ತು ವರ್ಷ ಊರಿನ ಜೊತೆ ಜಗಳವಾಡಿದ. ಮೂರು ಹೊತ್ತೂ ತಾನೇ ಗಂಜಿ ಕಾಯಿಸಿಕೊಂಡು ಕುಡಿದ. ಒಬ್ಬ ಸನ್ಯಾಸಿನಿ ತನ್ನ ಬರಹವನ್ನೆಲ್ಲ ಹಿಟ್ಟಿನ ಪೀಪಾಯಿಯಲ್ಲಿ ಬಚ್ಚಿಟ್ಟಳು, ಇಲಿಗಳು ತಿಂದವು. ಅವಳೇನು ಯೋಚಿಸಿದ್ದಳೆಂದು ಈಗ ಗೊತ್ತಿರುವುದು ಅವಳ ಮೇಲೆ ಮಠದ ಗುರು ಕೊಟ್ಟ ದೂರಿನಿಂದ ಮಾತ್ರ.

ಮೇಷ್ಟ್ರ ಕಣ್ಣಿನ ನರ ಒಣಗುತ್ತಾ ಬಂದಾಗ ನಾನು ಭಾನುವಾರ ಭಾನುವಾರ ಜನ್ನಾಪುರದಿಂದ ಬಸ್ಸು ಹತ್ತಿ ಹೋಗಿ ಓದಿ ಹೇಳುವುದು, ಬರೆದುಕೊಳ್ಳುವುದು ಶುರುವಾಯಿತು. ಹತ್ತು ವರ್ಷ ನಡೆಯಿತು. ಬಸ್ಸಿನ ತುಂಬಾ ಅಡಿಕೆ ರೇಟಿನ ಮಾತು; ನನ್ನ ತೊಡೆಯ ಮೇಲೆ ಹಂಗೆರಿಯ ಪಾದ್ರಿ. ಶಿವಮೊಗ್ಗದ ಜೆರಾಕ್ಸ್ ಅಂಗಡಿಯ ಸಾಬರು ಒಮ್ಮೆ, "ಸತ್ತೋರ್ದೇ ಇಷ್ಟೊಂದು ಕಾಪಿ ಯಾಕ್ ಮೇಡಂ, ಇರೋರ್ದು ಯಾರೂ ಇಲ್ವಾ?" ಎಂದು ಕೇಳಿದ್ದರು. ನಾನು ಚಿಲ್ಲರೆ ಎಣಿಸಿ ಕೊಟ್ಟು ಬಂದೆ.

ಮೇಷ್ಟ್ರಿಗೆ ಬೇಕಾದದ್ದು ಒಂದೇ. ಈ ಕಾರ್ಡುಗಳೆಲ್ಲ ಒಂದು ಪುಸ್ತಕವಾಗಿ ಅಚ್ಚಾಗಿ ಕೈಗೆ ಬರಬೇಕು. ಮೊದಲು 'ಕಣ್ಣು ಹೋಗೋದ್ರೊಳಗೆ' ಎನ್ನುತ್ತಿದ್ದರು. ಕಣ್ಣು ಹೋದ ಮೇಲೆ 'ಸಾಯೋದ್ರೊಳಗೆ' ಎಂದರು. "ಮುಟ್ಟಿ ನೋಡಿದ್ರೆ ಸಾಕು ಕಣಮ್ಮ. ವಾಸನೆ ನೋಡ್ತೀನಿ," ಎನ್ನುತ್ತಿದ್ದರು. ಹೊಸ ಕನ್ನಡ ಗ್ರಂಥಗಳನ್ನು ಪ್ರಕಟಿಸುವ ಒಂದು ಸಮಿತಿ ಹಸ್ತಪ್ರತಿಗಳನ್ನು ಕರೆದಿತ್ತು. ನೂರು ಕಾರ್ಡುಗಳೂ ಮುಗಿದಿದ್ದವು. ಕಳಿಸಿದ್ದರೆ ಆಗಿಹೋಗುತ್ತಿತ್ತು.

ಆದರೆ ಮೇಷ್ಟ್ರು ತಡೆದರು. ಜಾತಕ, ಮುಹೂರ್ತ, ರಾಹುಕಾಲ ಯಾವುದನ್ನೂ ನಂಬದ ಮನುಷ್ಯ, "ನೂರಕ್ಕೆ ನಿಲ್ಲಿಸೋದಾ? ಸೊನ್ನೇಲಿ ಮುಗಿಸ್ತಾರೇನೇ ಯಾರಾದ್ರೂ?" ಎಂದರು.

"ಇದೇನು ಮದುವೆ ಮುಯ್ಯಿನಾ ಮೇಷ್ಟ್ರೇ, ಮೇಲೊಂದು ರೂಪಾಯಿ ಇಡೋಕೆ?"

"ಮುಯ್ಯೇ ಅಂದ್ಕೋ. ನೂರ ಒಂದು ಆಗ್ಬೇಕು. ಇನ್ನೊಬ್ಬನ್ನ ಹುಡುಕು."

ಮೂರು ತಿಂಗಳು ಹುಡುಕಿದೆ. ಸಿಕ್ಕವರನ್ನೆಲ್ಲ ಒಪ್ಪಿಸಿದೆ, ಅವರು ಒಬ್ಬೊಬ್ಬರನ್ನೇ ತಳ್ಳಿಹಾಕಿದರು. ಒಬ್ಬನಿಗೆ ಹೆಸರು ಜಾಸ್ತಿಯಾಯಿತು. ಇನ್ನೊಬ್ಬ ಸುಖವಾಗಿ ಸತ್ತನಂತೆ. ಮತ್ತೊಬ್ಬನ ವಿಚಾರ ಕೇಳಿ, "ಇವನು ಯೋಚನೆ ಮಾಡಿದ್ದು ಏನೂ ಇಲ್ಲ, ಬರೀ ಉಪವಾಸ ಮಾಡಿದಾನೆ," ಎಂದರು. ಕೊನೆಯ ದಿನಾಂಕ ಹತ್ತಿರ ಬಂತು. ಉಳಿದದ್ದು ಒಂದೇ ಭಾನುವಾರ. ಆ ಬೆಳಿಗ್ಗೆ ಬಸ್ಸಿನಲ್ಲಿ ಕೂತು, ಅಂಥವನೊಬ್ಬನನ್ನು ನಾನೇ ಹುಟ್ಟಿಸಿಬಿಟ್ಟೆ.

ಹುಟ್ಟಿಸಿದೆ ಅನ್ನುವುದೂ ಪೂರ್ತಿ ನಿಜವಲ್ಲ. ಅವನು ನನ್ನ ಅಪ್ಪ.

ಅಪ್ಪ ಭದ್ರಾವತಿಯ ಒಂದು ಎರಕದ ಕಾರ್ಖಾನೆಯಲ್ಲಿ ಮರಳಿನ ಅಚ್ಚು ಕಟ್ಟುವ ಕೆಲಸ ಮಾಡುತ್ತಿದ್ದರು. ಮರಳನ್ನು ಬಡಿದು ಬಡಿದು ಅಚ್ಚು ಮಾಡುವುದು, ಅದರೊಳಗೆ ಕಾದ ಕಬ್ಬಿಣ ಸುರಿಯುವುದು, ಆರಿದ ಮೇಲೆ ಅಚ್ಚು ಒಡೆದು ವಸ್ತುವನ್ನು ತೆಗೆಯುವುದು. ಮನೆಗೆ ಬಂದು ಹಿತ್ತಲಲ್ಲಿ ಕಿವಿ ತೊಳೆದರೆ ಕಪ್ಪು ಮರಳು ಉದುರುತ್ತಿತ್ತು. ನಾನು ತತ್ವಶಾಸ್ತ್ರ ತೆಗೆದುಕೊಂಡ ವರ್ಷ, ಹಾಗೆ ಕಿವಿ ತೊಳೆಯುತ್ತಲೇ, ಅದರಲ್ಲಿ ಏನು ಕಲಿಸುತ್ತಾರೆ ಎಂದು ಕೇಳಿದರು. ದೇವರಿದ್ದಾನಾ ಇಲ್ವಾ ಅಂತ ಕಲಿಸ್ತಾರೆ ಎಂದೆ. ಅಪ್ಪ ಇನ್ನೊಂದು ಕಿವಿಗೆ ನೀರು ಹಾಕಿಕೊಂಡು, "ಇದ್ದ ಕಣಮ್ಮ," ಎಂದರು. "ಅವನು ಅಚ್ಚು. ಪ್ರಪಂಚ ಹೊರಗೆ ಬರ್ಬೇಕು ಅಂದ್ರೆ ಅಚ್ಚು ಒಡೀಬೇಕಲ್ಲ, ಒಡೆದ. ಈಗ ಹುಡುಕಿದ್ರೆ ಅಲ್ಲಲ್ಲಿ ಅಂಟ್ಕೊಂಡಿರೋ ಮರಳು ಸಿಗುತ್ತೆ, ಅಷ್ಟೇ. ಅದನ್ನೂ ಉಜ್ಜಿ ತೆಗೀತಾರೆ." ಆಮೇಲೆ ಟವೆಲ್ ಕೇಳಿದರು.

ನಾನು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಮೇಷ್ಟ್ರಿಗೆ ಹೇಳದೆ ಇದ್ದದ್ದಕ್ಕೆ ಕಾರಣವಿತ್ತು. ಆ ವರ್ಷವೇ ಅಪ್ಪ ಒಮ್ಮೆ ಕಾಲೇಜಿಗೆ ಬಂದಿದ್ದರು, ಮಗಳ ಮೇಷ್ಟ್ರನ್ನು ನೋಡಿ ನಮಸ್ಕಾರ ಹೇಳಿ ಹೋಗೋಣವೆಂದು. ಪಾಳಿ ಮುಗಿಸಿ, ಸ್ನಾನ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು ಬಂದಿದ್ದರು. ವಿಭಾಗದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತರು. ಮೇಷ್ಟ್ರು ಓದುತ್ತಿದ್ದ ಪುಸ್ತಕದಿಂದ ತಲೆ ಎತ್ತದೆ, "ಆಫೀಸು ಆ ಕಡೆ," ಎಂದರು. ಅಪ್ಪ "ಹೌದಾ ಸ್ವಾಮಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೋದರು. ನಾನು ಒಳಗೇ ಕೂತಿದ್ದೆ. ಇವರು ನಮ್ಮಪ್ಪ ಎನ್ನಲು ಬಾಯಿ ಬರಲಿಲ್ಲ. ಅಪ್ಪ ತೀರಿಕೊಂಡು ಹನ್ನೆರಡು ವರ್ಷವಾಯಿತು, ಆ ಸಿಟ್ಟು ಇನ್ನೂ ಆರಿಲ್ಲ. ಮೇಷ್ಟ್ರ ಮೇಲೆ ಎಷ್ಟೋ, ನನ್ನ ಮೇಲೂ ಅಷ್ಟೇ.

ಹಾಗಾಗಿ ಆ ಭಾನುವಾರ ಬರೆದೆ. ಮಧ್ಯ ಯುರೋಪಿನ ಬೆಟ್ಟಗಳ ನಡುವೆ, ಹೊಳೆಯ ದಂಡೆಯ ಒಂದು ಕಬ್ಬಿಣದ ಊರು. ಅಲ್ಲೊಬ್ಬ ಎರಕದ ಕೆಲಸಗಾರ. ದೀಕ್ಷೆಯಿಲ್ಲ, ಪದವಿಯಿಲ್ಲ. ನಂಬಿದ್ದು: ದೇವರು ಅಚ್ಚು, ಪ್ರಪಂಚಕ್ಕಾಗಿ ಒಡೆದುಹೋದ. ಜಗಳವಾಡಿದ್ದು: ಮುಂಬಾಗಿಲಿನಿಂದ ಒಳಗೆ ಬಿಡದ ಊರ ಪಾದ್ರಿಯ ಜೊತೆ. ಅಡುಗೆ ಮಾಡಿ ಹಾಕುತ್ತಿದ್ದವರು: ಮಗಳು. ಗ್ರಂಥದ ಜಾಗದಲ್ಲಿ ಆ ಊರಿನ ಚರ್ಚಿನ ದಾಖಲೆಗಳ ಸಂಪುಟ ಎಂದು ಬರೆದೆ. ಪುಟಸಂಖ್ಯೆಯ ಜಾಗದಲ್ಲಿ ಅಪ್ಪನ ಕಾರ್ಖಾನೆಯ ಹಾಜರಿ ಟೋಕನ್ ನಂಬರು ಹಾಕಿದೆ.

ಓದಿ ಮುಗಿಸಿದಾಗ ಮೇಷ್ಟ್ರ ತಲೆ ಬಗ್ಗಿತ್ತು. ಸಿಕ್ಕಿಬಿದ್ದೆ ಎಂದುಕೊಂಡೆ. ನೋಡಿದರೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಕಾಣದ ಕಣ್ಣಿಗೂ ಅವರು ಕನ್ನಡಕ ಬಿಟ್ಟಿರಲಿಲ್ಲ.

"ಎಲ್ಲಿದ್ನೇ ಇವನು ಇಷ್ಟು ದಿನ?"

"ಸಿಕ್ದ ಮೇಷ್ಟ್ರೇ."

"ನೂರು ಜನ ಒಂದು ತೂಕ, ಇವನೊಬ್ನೇ ಒಂದು ತೂಕ. ಇನ್ನೊಂದ್ಸಲ ಓದು."

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅಂದರಂತೆ, ಆ ಗಾದೆ ಮೇಷ್ಟ್ರಿಗೆ ಹೊಂದುವ ದಿನ ಬರುತ್ತದೆಂದು ನಾನು ಎಣಿಸಿರಲಿಲ್ಲ. ಪುಟಸಂಖ್ಯೆ ಇದೆಯಾ ಎಂದು ಕೇಳಿದರು, ಹೇಳಿದೆ, ಸಮಾಧಾನವಾಯಿತು. ಹೇಳಿಬಿಡಬೇಕಿತ್ತು. ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರದೊಳಗೆ ಹಸ್ತಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಿಯಾಗಿತ್ತು. ಆಮೇಲಿನ ಪ್ರತಿ ಭಾನುವಾರವೂ ಮೇಷ್ಟ್ರು ಅವನದೊಂದು ಓದು ಎಂದರು, ಓದಿದೆ. ನಿಜ ಹೇಳುತ್ತೇನೆ, ನನಗೆ ಖುಷಿಯಾಗುತ್ತಿತ್ತು. ತಲೆ ಎತ್ತದೇ ಇದ್ದ ಮನುಷ್ಯ ಈಗ ನಮ್ಮಪ್ಪನ ಮಾತಿಗೆ ವಾರಕ್ಕೊಮ್ಮೆ ತಲೆದೂಗುತ್ತಿದ್ದ.

ಎಂಟು ತಿಂಗಳಿಗೆ ಸಮಿತಿಯಿಂದ ಕಾಗದ ಬಂತು. ನಾನೇ ಓದಿದೆ. ನೂರು ಜೀವನಚಿತ್ರಗಳ ಮಾಹಿತಿ ಈಗ ಯಾರು ಬೇಕಾದರೂ ಫೋನಿನಲ್ಲೇ ಪಡೆಯಬಹುದಾದದ್ದು, ಹೊಸತೇನಿಲ್ಲ. ಆದರೆ ನೂರೊಂದನೆಯದು ಅಪರೂಪದ್ದು, ಬೇರೆಲ್ಲೂ ಸಿಗುತ್ತಿಲ್ಲ. ಅದರ ಮೂಲದ ಪ್ರತಿಯನ್ನು ಒದಗಿಸಿದರೆ ಇಡೀ ಗ್ರಂಥವನ್ನು ಪರಿಗಣಿಸಬಹುದು. ಇಷ್ಟೇ ಒಕ್ಕಣೆ. ಹದಿನೈದು ವರ್ಷದ ದುಡಿತವನ್ನು ಒಂದು ಸಾಲಿನಲ್ಲಿ ತಳ್ಳಿಹಾಕಿದ್ದು ಮೇಷ್ಟ್ರ ಕಿವಿಗೆ ಬೀಳಲೇ ಇಲ್ಲ. ಅಪರೂಪದ್ದು ಎನ್ನುವುದೊಂದೇ ಬಿತ್ತು.

ಪ್ರತಿ ಎಲ್ಲಿ ಎಂದು ಕೇಳಿದರು, ನನ್ನ ಹತ್ತಿರ ಇಲ್ಲ ಎಂದೆ. "ಬರ್ಕೋ," ಎಂದರು. ನಾನು ಲ್ಯಾಪ್‌ಟಾಪು ತೆಗೆದೆ. ಮೂಲದ ಸಂಪುಟ ಈಗ ನಮ್ಮ ಬಳಿ ಇಲ್ಲ ಎಂದು ಶುರು ಮಾಡಿದರು. ನಾಲ್ಕು ಸಾಲು ಸರಿಯಾಗಿಯೇ ಹೋಯಿತು. ಐದನೆಯ ಸಾಲಿಗೆ, "ಆದರೆ ಸದರಿ ಸಂಪುಟವನ್ನು ನಾನು ವಿದ್ಯಾರ್ಥಿಯಾಗಿದ್ದಾಗ ಸ್ವತಃ ಓದಿದ್ದೇನೆ, ಸದರಿ ಪುಟವನ್ನು ಕಣ್ಣಾರೆ ನೋಡಿದ್ದೇನೆಂದು ಈ ಮೂಲಕ ದೃಢೀಕರಿಸುತ್ತೇನೆ," ಎಂದರು.

ನನ್ನ ಕೈ ನಿಂತಿತು. ಓದದ ಒಂದು ಸಾಲನ್ನೂ ಓದಿದ್ದೇನೆ ಎಂದು ಅವರು ಹೇಳಿದ್ದನ್ನು ನಾನು ಕೇಳಿರಲಿಲ್ಲ.

"ಮೇಷ್ಟ್ರೇ," ಎಂದೆ.

"ಏನು?"

ಅದೇ ಹೊತ್ತು. ಅಪ್ಪ ಬಾಗಿಲಲ್ಲಿ ನಿಂತಾಗ ಬಾಯಿ ಬರದೆ ಹೋದ ಹೊತ್ತು ಇನ್ನೊಮ್ಮೆ ಬಂದಿತ್ತು. "ಸಹಿ ಕೆಳಗೆ ಹಾಕ್ತೀರಾ, ಪಕ್ಕದಲ್ಲಾ?" ಎಂದು ಕೇಳಿದೆ. ಪ್ರಿಂಟು ತೆಗೆಸಿ ತಂದು, ಅವರ ಬೆರಳು ಹಿಡಿದು ಜಾಗಕ್ಕೆ ಇಟ್ಟೆ. ಅವರು ಸಹಿ ಹಾಕಿದರು.

ಎರಡನೆಯ ಕಾಗದ ಒಂದು ಬುಧವಾರ ಬಂತು, ನಾನಿಲ್ಲದಾಗ. ಕರೆಂಟ್ ಬಿಲ್ಲು ಓದಿ ಹೇಳುವ ಹಾಗೆ ತಂಗಿಯವರೇ ಒಡೆದು ಓದಿ ಹೇಳಿದರು. ಸಮಿತಿಯವರು ವಿಚಾರಿಸಿದ್ದರು. ಅಂಥ ಸಂಪುಟವೂ ಇಲ್ಲ, ಅಂಥ ಮನುಷ್ಯನೂ ಇಲ್ಲ. ಲೇಖಕರ ದೃಢೀಕರಣ ಸುಳ್ಳೆಂದು ತಿಳಿದುಬಂದಿರುವುದರಿಂದ ಉಳಿದ ನೂರನ್ನೂ ನಂಬಲಾಗದು, ಹಸ್ತಪ್ರತಿಯನ್ನು ತಿರಸ್ಕರಿಸಲಾಗಿದೆ. ಮುಂದೆ ಇವರಿಂದ ಏನನ್ನೂ ಸ್ವೀಕರಿಸಲಾಗುವುದಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ದೊಣ್ಣೆ ನನ್ನ ಕೈಯಲ್ಲಿತ್ತು.

ಭಾನುವಾರ ನಾನು ಹೋದಾಗ ತಂಗಿಯವರು ಬಾಗಿಲು ತೆಗೆದು, "ಏನ್ ಮಾಡ್ಬಿಟ್ಟೆ ಮಾರಾಯ್ತಿ," ಎಂದು ಮೆಲ್ಲಗೆ ಕೇಳಿ ಒಳಗೆ ಹೋದರು. ಮೇಷ್ಟ್ರು ಅದೇ ಕುರ್ಚಿಯಲ್ಲಿದ್ದರು. ಬೈಯುತ್ತಾರೆ ಎಂದು ಸಿದ್ಧವಾಗಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

"ಅವನದು ಓದು," ಎಂದರು. ಓದಿದೆ.

"ಪುಟಸಂಖ್ಯೆ ಏನು ಅದು?"

"ನಮ್ಮಪ್ಪನ ಟೋಕನ್ ನಂಬರು."

"ಮಾತು?"

"ಅದೂ ಅವರದೇ. ಕಿವಿ ತೊಳ್ಕೊಳ್ತಾ ಹೇಳಿದ್ರು."

ಮೇಷ್ಟ್ರು ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ, "ನೀನು ಬರೆದದ್ದು ಸುಳ್ಳು ಅಂತ ನಂಗೆ ಗೊತ್ತಿರ್ಲಿಲ್ಲ. ನಾನು ಬರೆಸಿದ್ದು ಸುಳ್ಳು ಅಂತ ನಂಗೆ ಗೊತ್ತಿತ್ತು," ಎಂದರು. "ಪುಸ್ತಕ ಕೈಗೆ ಬರ್ಲಿ ಅಂತ ಹಾಗಂದೆ. ಎಂಬತ್ತು ವರ್ಷಕ್ಕೆ ಒಂದೇ ಒಂದು ಸಲ."

ತಪ್ಪಾಯಿತು ಎಂದೆ. ಎಷ್ಟು ಸಲ ಅಂದೆನೋ ನೆನಪಿಲ್ಲ. ಕೊನೆಗೆ, "ನಿಮ್ಮಪ್ಪ ಏನ್ ಮಾಡ್ಕೊಂಡಿದ್ರು? ನಾನು ನೋಡಿದೀನಾ?" ಎಂದು ಕೇಳಿದರು.

"ಒಂದ್ಸಲ ಕಾಲೇಜಿಗೆ ಬಂದಿದ್ರು. ಬಾಗ್ಲಲ್ಲಿ ನಿಂತಿದ್ರು. ನೀವು ಆಫೀಸು ಆ ಕಡೆ ಅಂದ್ರಿ."

ಮೇಷ್ಟ್ರು ನೆನಪಿಸಿಕೊಳ್ಳಲು ಪ್ರಯತ್ನಪಟ್ಟರು. ಅದು ಅವರ ಮುಖದಲ್ಲಿ ಕಾಣುತ್ತಿತ್ತು, ನಾಟಕವಲ್ಲ. ನನಗೆ ಅವತ್ತು ಬೇಕಾಗಿದ್ದದ್ದೂ ಅದೊಂದೇ, ಹೌದು ಬಂದಿದ್ರು ಅನ್ನುವ ಒಂದು ಮಾತು.

"ನೆನಪಿಲ್ಲ," ಎಂದರು. ಸ್ವಲ್ಪ ತಡೆದು, "ಇನ್ನು ಬರ್ಬೇಡಮ್ಮ ನೀನು," ಎಂದರು.

ನಾನು ಚಪ್ಪಲಿ ಮೆಟ್ಟಿಕೊಂಡು ಬಂದೆ.

ಇದಾಗಿ ಒಂದು ವರ್ಷ. ಮೇಷ್ಟ್ರು ಇದ್ದಾರೆ, ಅದೇ ಮನೆಯಲ್ಲಿ, ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದೂರದಲ್ಲಿ. ಭಾನುವಾರ ಬೆಳಿಗ್ಗೆ ನನಗೆ ಈಗಲೂ ಬೇಗ ಎಚ್ಚರವಾಗುತ್ತದೆ. ಎದ್ದು ಏನು ಮಾಡಬೇಕೆಂದು ಗೊತ್ತಾಗುವುದಿಲ್ಲ. ಬಟ್ಟೆ ಒಗೆಯುತ್ತೇನೆ.

ಹೋದ ತಿಂಗಳು ತಂಗಿಯವರು ಜನ್ನಾಪುರಕ್ಕೆ ಬಂದರು. ಬಸ್ ಸ್ಟಾಪಿನಲ್ಲಿ ಇಳಿದು, ಕೇಳಿಕೊಂಡು ಕೇಳಿಕೊಂಡು ಮನೆ ಹುಡುಕಿದ್ದರು. ಬಟ್ಟೆಯ ಚೀಲದಿಂದ ಕಾರ್ಡಿನ ಕಟ್ಟು ತೆಗೆದು ಮೇಜಿನ ಮೇಲಿಟ್ಟರು.

"ಮನೇಲಿ ಇಟ್ಕೋಬೇಡ ಅಂದ. ಗುಜರಿಗೆ ಹಾಕು ಅಂದ. ಗುಜರಿಯಿಂದ ತಂದಿದ್ದೇ ಅಲ್ವಾ? ನಂಗೆ ಮನಸ್ಸು ಬರ್ಲಿಲ್ಲ."

ಊಟ ಮಾಡಿ ಹೋಗಿ ಎಂದೆ. ಅನ್ನ ಸಾರು ಬಡಿಸಿದೆ. ಅವರು ತಟ್ಟೆ ನೋಡುತ್ತಾ, "ಯಾರಾದ್ರೂ ಮಾಡಿ ಬಡಿಸಿದ್ದು ಉಂಡು ಎಷ್ಟೋ ವರ್ಷ ಆಯ್ತು," ಎಂದರು. ಅಣ್ಣ ಏನು ಮಾಡುತ್ತಾರೆ ಎಂದು ಕೇಳಿದೆ. ಕೂತಿರ್ತಾನೆ ಎಂದರು. ಯಾರಾದರೂ ಓದಿ ಹೇಳುತ್ತಾರಾ ಎಂದೆ. ಓದಿಸ್ಕೊಳ್ಳಲ್ಲ ಎಂದರು.

ಅವರು ಕೈ ತೊಳೆಯಲು ಹೋದಾಗ ನಾನು ಕಟ್ಟು ಬಿಚ್ಚಿ ಎಣಿಸಿದೆ. ನೂರು ಇದ್ದವು. ಇನ್ನೊಮ್ಮೆ ಎಣಿಸಿದೆ.

"ಅದೊಂದು ಇಲ್ಲ," ಎಂದರು ಅವರು, ಸೆರಗಿಗೆ ಕೈ ಒರೆಸುತ್ತಾ. "ಅವತ್ತು ನೀನು ಹೋದ ಮೇಲೆ ಯಾವುದು ಅಂತ ನನ್ನ ಕೈಲೇ ತೆಗೆಸಿದ. ಸಣ್ಣ ಸಣ್ಣ ಚೂರು ಮಾಡ್ದ. ಇನ್ನೂ ಸಣ್ಣಕ್ಕೆ ಹರಿಯೋಕೆ ಆಗುತ್ತಾ ಅಂತ ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡ್ದ."

ಅಪ್ಪನನ್ನು ಆ ಬಾಗಿಲಿನಿಂದ ಮೊದಲ ಸಲ ಕಳಿಸಿದ್ದು ಮೇಷ್ಟ್ರು. ಎರಡನೆಯ ಸಲ ಅಲ್ಲಿಗೆ ಕರೆದುಕೊಂಡು ಹೋದವಳು ನಾನೇ.

ತಂಗಿಯವರು ಹೊರಟು ನಿಂತು, ಬಾಗಿಲ ತನಕ ಹೋದವರು ತಿರುಗಿ ಬಂದರು. ಸೊಂಟದ ಚೀಲದಿಂದ ಒಂದು ರೂಪಾಯಿಯ ನಾಣ್ಯ ತೆಗೆದು ಕಾರ್ಡಿನ ಕಟ್ಟಿನ ಮೇಲಿಟ್ಟರು.

"ಸೊನ್ನೇಲಿ ಕೊಡ್ಬಾರ್ದು ನೋಡು," ಎಂದರು.

ಅವರನ್ನು ಬಸ್ಸು ಹತ್ತಿಸಿ ಬಂದೆ. ನಾಣ್ಯ ಇನ್ನೂ ಅಲ್ಲೇ ಇದೆ.